ಹಾಲಿ ಸಿಕ್ಕಾದಿಂದ ರೆಪೊ ದರದವರೆಗೆ: ಒಂದು ರೂಪಾಯಿ, ಹಲವು ಊರುಗಳು



ಹಣಕಾಸು ನೀತಿ ಎಂಬ ವಿಷಯವನ್ನು ಮುಧೋಳದಲ್ಲಿ ಮಾತಾಡುವುದೇ? ಬಾಗಲಕೋಟೆಯ ಮುಧೋಳವೂ ಅಲ್ಲ, ಸೇಡಂ ತಾಲ್ಲೂಕಿನ ನಮ್ಮ ಈ ಮುಧೋಳದಲ್ಲಿ? ಎಂದು ಕೆಲವರಿಗೆ ಅನಿಸಬಹುದು. ಅದು ಮುಂಬೈಯ ರಿಸರ್ವ್ ಬ್ಯಾಂಕಿನ ದೊಡ್ಡ ಕಟ್ಟಡದಲ್ಲಿ ನಡೆಯುವ ವ್ಯವಹಾರ, ನಮಗೇನು ಸಂಬಂಧ ಎಂದು ಕೇಳುವವರಿದ್ದಾರೆ. ಆದರೆ ಈ ವಿಷಯವನ್ನು ತಿಳಿಯಲು ನಮ್ಮ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಏಕೆಂದರೆ ಒಂದು ರೂಪಾಯಿಯನ್ನು ಬಿಟ್ಟು ಇನ್ನೊಂದು ರೂಪಾಯಿಯ ಒಕ್ಕೂಟಕ್ಕೆ ಸೇರಿದ ಅನುಭವ ನಮ್ಮ ಅಜ್ಜ ಅಜ್ಜಿಯರಿಗೆ ಇತ್ತು. ಈ ದೇಶದ ಬಹುಪಾಲು ಜನರಿಗೆ ಅದು ಇಲ್ಲ.

ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ, ವಾಡಿ ಇವೆಲ್ಲ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯ ಊರುಗಳಾಗಿದ್ದವು. ಇಲ್ಲಿ ನಡೆಯುತ್ತಿದ್ದ ನಾಣ್ಯಕ್ಕೆ ಹಾಲಿ ಸಿಕ್ಕಾ ಎಂದು ಹೆಸರು. ಹಾಲಿ ಎಂದರೆ ಚಾಲ್ತಿಯಲ್ಲಿರುವುದು. ನಾವು ಈಗಲೂ ಕನ್ನಡದಲ್ಲಿ 'ಹಾಲಿ ಶಾಸಕರು' ಎನ್ನುತ್ತೇವಲ್ಲ, ಅದೇ ಶಬ್ದ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ನಮ್ಮವರು ಕಲ್ದಾರ್ ಎನ್ನುತ್ತಿದ್ದರು, ಯಂತ್ರದಲ್ಲಿ ಅಚ್ಚಾದದ್ದು ಎಂಬ ಅರ್ಥದಲ್ಲಿ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಬೆಳ್ಳಿ ಸಿಗದೆ ಹೋದಾಗ, 1918ರಲ್ಲಿ ನಿಜಾಮ ಸರಕಾರ ತನ್ನದೇ ಕಾಗದದ ನೋಟುಗಳನ್ನೂ ಹೊರಡಿಸಿತು. ಆ ನೋಟಿನ ಮೇಲೆ ಉರ್ದು, ಇಂಗ್ಲಿಷ್‌ಗಳ ಜೊತೆಗೆ ಮರಾಠಿ, ತೆಲುಗು ಮತ್ತು ಕನ್ನಡದಲ್ಲೂ ಮೌಲ್ಯ ಬರೆದಿರುತ್ತಿತ್ತು. 1942ರ ಏಪ್ರಿಲ್‌ನಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಕೆಲಸ ಆರಂಭಿಸಿದಾಗ ಈ ಸಿಕ್ಕಾದ ನಿರ್ವಹಣೆಯೂ ಅದರ ಹೊಣೆಯಾಯಿತು.

ಈಗ ಲೆಕ್ಕಕ್ಕೆ ಬನ್ನಿ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ. ನೂರು ಕಲ್ದಾರ್ ಬೇಕಾದರೆ 116 ರೂಪಾಯಿ 10 ಆಣೆ 8 ಪೈ ಹಾಲಿ ಕೊಡಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ತನ್ನದೇ ಟಂಕಸಾಲೆ, ತನ್ನದೇ ನೋಟು, ತನ್ನದೇ ಬ್ಯಾಂಕು ಇದ್ದರೂ, ವಿನಿಮಯ ದರವನ್ನು ಗೂಟಕ್ಕೆ ಕಟ್ಟಿದ ಮೇಲೆ ಹಗ್ಗದ ಉದ್ದದಷ್ಟೇ ಓಡಾಟ. ಇಲ್ಲಿ ಬರಗಾಲ ಬಿದ್ದು ಜನರ ಕೈಗೆ ಹೆಚ್ಚು ಹಣ ಹರಿಸಬೇಕೆಂದು ಹೈದರಾಬಾದ್ ಹೆಚ್ಚು ನೋಟು ಬಿಟ್ಟಿದ್ದರೆ, ವ್ಯಾಪಾರಿಗಳು ಹಾಲಿ ಕೊಟ್ಟು ಕಲ್ದಾರ್ ಕೇಳುತ್ತಿದ್ದರು, ಏಳಕ್ಕೆ ಆರು ಎಂಬ ದರ ನಿಲ್ಲುತ್ತಿರಲಿಲ್ಲ. ಆದ್ದರಿಂದ ಹೆಸರಿಗೆ ಸ್ವತಂತ್ರ ನಾಣ್ಯವಾದರೂ ನಡೆಯಲ್ಲಿ ಅದು ಅರ್ಧ ಒಕ್ಕೂಟವೇ ಆಗಿತ್ತು ಎಂದು ನನ್ನ ಅಭಿಪ್ರಾಯ.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1950ರಲ್ಲಿ ಭಾರತದ ರೂಪಾಯಿ ಇಲ್ಲಿಯೂ ಬಂತು, ಅದೇ ಏಳಕ್ಕೆ ಆರರ ದರದಲ್ಲಿ. ಕೆಲಕಾಲ ಎರಡೂ ಒಟ್ಟಿಗೆ ನಡೆದು, 1959ರಲ್ಲಿ ಹಾಲಿ ಸಿಕ್ಕಾದ ಮಾನ್ಯತೆ ಕೊನೆಗೊಂಡಿತು. ಕೈಯಲ್ಲಿ 700 ಇದ್ದವನಿಗೆ 600 ಬಂದರೆ ನಷ್ಟವೇ? ಎಲ್ಲ ಬೆಲೆಗಳೂ, ಕೂಲಿಯೂ, ಸಾಲವೂ ಅದೇ ಪ್ರಮಾಣದಲ್ಲಿ ಇಳಿದರೆ ನಷ್ಟವಿಲ್ಲ. ಆದರೆ ಏಳು ಆಣೆಯ ಕೂಲಿ ಆರು ಆಣೆಯಾಗಿ, ಒಂದು ಆಣೆಯ ವಸ್ತು ಒಂದು ಆಣೆಯಾಗಿಯೇ ಉಳಿದರೆ? ಸಣ್ಣ ಬೆಲೆಗಳನ್ನು ಏಳನೆಯ ಒಂದು ಪಾಲು ಇಳಿಸುವುದು ಯಾವ ಕಿರಾಣಿ ಅಂಗಡಿಯವನಿಗೂ ಸುಲಭವಲ್ಲ. 2002ರಲ್ಲಿ ಯೂರೋ ನೋಟು ಕೈಗೆ ಬಂದಾಗ ಜರ್ಮನಿಯ ಜನರೂ ಇದೇ ತಕರಾರು ಮಾಡಿದರು. ಬೆಲೆಗಳಲ್ಲಿ ಕೆಲವು ಬೇಗ ಬದಲಾಗುತ್ತವೆ, ಕೆಲವು ತಡವಾಗಿ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೇರೆ ಬೇರೆ ಬದುಕಿನ ಪ್ರದೇಶಗಳು ಒಂದೇ ನಾಣ್ಯ ಬಳಸುವುದು ಯಾವಾಗ ಸರಿ, ಯಾವಾಗ ತೊಂದರೆ ಎಂದು 1961ರಲ್ಲಿ ಕೆನಡಾದ ಅರ್ಥಶಾಸ್ತ್ರಜ್ಞ ರಾಬರ್ಟ್ ಮುಂಡೆಲ್ ಕೇಳಿದರು. ಯೂರೋ ಹುಟ್ಟಿದ 1999ರಲ್ಲೇ ಅವರಿಗೆ ನೊಬೆಲ್ ಬಂತು. ಅವರ ಪ್ರಶ್ನೆ ಸರಳ. ಒಂದು ಊರಿಗೆ ಪೆಟ್ಟು ಬಿತ್ತು, ಇನ್ನೊಂದು ಊರಿಗೆ ಬೀಳಲಿಲ್ಲ. ನಾಣ್ಯ ಬೇರೆ ಇದ್ದರೆ ಪೆಟ್ಟು ತಿಂದ ಊರಿನ ನಾಣ್ಯ ಅಗ್ಗವಾಗಿ ಅದರ ಸರಕು ಮಾರಾಟವಾಗುತ್ತದೆ. ನಾಣ್ಯ ಒಂದೇ ಆದರೆ ಏನು ಬದಲಾಗಬೇಕು? ಕೂಲಿ ಇಳಿಯಬೇಕು, ಇಲ್ಲವೇ ಜನ ಊರು ಬಿಡಬೇಕು, ಇಲ್ಲವೇ ಬೇರೆಡೆಯಿಂದ ನೆರವು ಬರಬೇಕು. ಹೈದರಾಬಾದ್, ಪುಣೆ, ಮುಂಬೈಗೆ ಗಂಟು ಕಟ್ಟಿಕೊಂಡು ಹೋಗುವ ನಮ್ಮ ಜನರನ್ನು ನೋಡಿದವರಿಗೆ ಈ ಸಿದ್ಧಾಂತ ಹೊಸದಲ್ಲ.

ಭಾರತವೇ ಅಂಥ ಒಂದು ಒಕ್ಕೂಟ. ದೇಶಕ್ಕೆಲ್ಲ ಒಂದು ರೆಪೊ ದರ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅಲ್ಪಾವಧಿ ಸಾಲ ಕೊಡುವ ಬಡ್ಡಿದರ ಅದು. ಅದನ್ನು ಏರಿಸಿದರೆ ಸಾಲ ದುಬಾರಿ, ಖರ್ಚು ಕಡಿಮೆ, ಬೆಲೆ ಏರಿಕೆಗೆ ಕಡಿವಾಣ. ಇಳಿಸಿದರೆ ಇದಕ್ಕೆ ವಿರುದ್ಧ. 2016ರಿಂದ ಈ ದರವನ್ನು ಆರು ಜನರ ಹಣಕಾಸು ನೀತಿ ಸಮಿತಿ ನಿರ್ಧರಿಸುತ್ತದೆ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಕೇಂದ್ರ ಸರಕಾರ ನೇಮಿಸಿದವರು. ಮತ ಸಮವಾದರೆ ಗವರ್ನರರ ಮತ ನಿರ್ಣಾಯಕ. ಹಣದುಬ್ಬರ ಶೇಕಡಾ 4ರಲ್ಲಿರಬೇಕು, 2ಕ್ಕಿಂತ ಕೆಳಗೂ 6ಕ್ಕಿಂತ ಮೇಲೂ ಹೋಗಬಾರದು ಎಂಬುದು 2016ರಲ್ಲಿ ಸರಕಾರ ಕೊಟ್ಟ ಗುರಿ. 2021ರಲ್ಲಿ ಅದನ್ನೇ ಇನ್ನೈದು ವರ್ಷಕ್ಕೆ ಮುಂದುವರಿಸಲಾಯಿತು.

ದರ ಒಂದೇ, ಆದರೆ ಅದು ಮುಟ್ಟುವ ರೀತಿ ಊರಿಂದೂರಿಗೆ ಬೇರೆ. ದೂರ ಹೋಗುವುದು ಬೇಡ, ನಮ್ಮ ಸುತ್ತಲೇ ನೋಡೋಣ. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಬಡ್ಡಿ ಏರಿದರೆ ಬೆಂಗಳೂರು, ಹೈದರಾಬಾದುಗಳಲ್ಲಿ ಮನೆಸಾಲದ ಕಂತು ಏರುತ್ತದೆ, ಕಟ್ಟಡದ ಕೆಲಸ ನಿಧಾನವಾಗುತ್ತದೆ, ಇಲ್ಲಿ ಲಾರಿ ತುಂಬುವುದು ಕಡಿಮೆಯಾಗುತ್ತದೆ. ಶಹಾಬಾದಿನ ಕಲ್ಲಿನ ಗಣಿಯವನಿಗೂ ಅದೇ ಗತಿ. ಇನ್ನು ಮುಧೋಳದ ತೊಗರಿ ರೈತ. ಅವನ ವರ್ಷವನ್ನು ನಿರ್ಧರಿಸುವುದು ಜೂನ್, ಜುಲೈ ತಿಂಗಳ ಮಳೆ ಮತ್ತು ಕಲಬುರಗಿ ಗಂಜಿನ ದರ. ರೆಪೊ ದರ ಕಾಲು ಶೇಕಡಾ ಇಳಿದರೆ ಮಳೆ ಬರುವುದಿಲ್ಲ. ಹೀಗೆ ಮೂವತ್ತು ನಲವತ್ತು ಕಿಲೋಮೀಟರಿನೊಳಗೆ ಒಂದೇ ದರ ಒಬ್ಬನಿಗೆ ಜೋರಾಗಿ ತಾಗುತ್ತದೆ, ಇನ್ನೊಬ್ಬನಿಗೆ ತಾಗುವುದೇ ಇಲ್ಲ. ಇಡೀ ದೇಶದ ವೈವಿಧ್ಯವನ್ನು ನೀವೇ ಊಹಿಸಿ.

ತೊಗರಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2015ರಲ್ಲಿ ಮಳೆ ಕೈಕೊಟ್ಟು ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋಯಿತು. ಪತ್ರಿಕೆಗಳ ತುಂಬ ಅದೇ ಸುದ್ದಿ. ಬೆಲೆ ನೋಡಿ ಎಲ್ಲರೂ ತೊಗರಿ ಬಿತ್ತಿದರು, 2016ರಲ್ಲಿ ಮಳೆಯೂ ಆಯಿತು. ದೇಶದ ತೊಗರಿ ಉತ್ಪಾದನೆ ಸುಮಾರು 26 ಲಕ್ಷ ಟನ್‌ನಿಂದ ಒಂದೇ ವರ್ಷದಲ್ಲಿ 48 ಲಕ್ಷ ಟನ್ ದಾಟಿತು. ಆ ವರ್ಷದ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಾಲಿಗೆ 5,050 ರೂಪಾಯಿ. ಮಾರುಕಟ್ಟೆಯ ಬೆಲೆ ಅದಕ್ಕಿಂತ ಕೆಳಗೆ ಬಿತ್ತು, ಖರೀದಿ ಕೇಂದ್ರಗಳ ಮುಂದೆ ಸಾಲು ಬೆಳೆಯಿತು. ನಡುವೆ ನೋಟು ರದ್ದತಿಯೂ ಬಂದಿತ್ತು. 2017ರ ಜೂನ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಸುಮಾರು ಒಂದೂವರೆ ಶೇಕಡಾಕ್ಕೆ ಇಳಿಯಿತು, ಬೇಳೆಕಾಳುಗಳ ಬೆಲೆ ಕುಸಿದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಗಮನಿಸಿ, ಅಂಕಿಅಂಶದ ಪುಸ್ತಕದಲ್ಲಿ ಆ ತಿಂಗಳು ಬಹಳ ಚೆನ್ನಾಗಿ ಕಾಣುತ್ತದೆ. ತೊಗರಿಯ ಕಣಜ ಎನಿಸಿದ ಈ ಜಿಲ್ಲೆಗೆ ಅದು ಒಳ್ಳೆಯ ವರ್ಷವಾಗಿರಲಿಲ್ಲ. ಸರಾಸರಿ ಸುಳ್ಳು ಹೇಳಲಿಲ್ಲ, ಆದರೆ ನಮ್ಮ ವಿಷಯ ಹೇಳಲೂ ಇಲ್ಲ.

ಇಷ್ಟು ವೈವಿಧ್ಯದ ನಡುವೆ ಒಂದು ದರ ನಿಗದಿ ಮಾಡುವವರಿಗೆ ಇನ್ನೊಂದು ಕಷ್ಟವಿದೆ, ಅದು ಅನಿಶ್ಚಿತತೆ. ಇಂದಿನ ಸ್ಥಿತಿ ಏನು ಎಂಬುದೇ ಖಚಿತವಿಲ್ಲ, ಅಂಕಿಗಳು ತಡವಾಗಿ ಬರುತ್ತವೆ, ಮತ್ತೆ ತಿದ್ದುಪಡಿಯಾಗುತ್ತವೆ. ಬೇಳೆಯ ಬೆಲೆ ಏರಿದ್ದು ಒಂದು ಹಂಗಾಮಿನ ಮಾತೇ, ಅಥವಾ ಅದನ್ನು ಹಿಡಿದುಕೊಂಡು ಕೂಲಿ, ಬಾಡಿಗೆ, ಫೀಸು ಎಲ್ಲವೂ ಏರಲಿವೆಯೇ, ಅದೂ ಮೊದಲಿಗೆ ತಿಳಿಯದು. ಎಲ್ಲಕ್ಕಿಂತ ಮುಖ್ಯವಾಗಿ, ಬಡ್ಡಿ ಅರ್ಧ ಶೇಕಡಾ ಏರಿಸಿದರೆ ಬೆಲೆ ಎಷ್ಟು ಇಳಿಯುತ್ತದೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಈ ಕೊನೆಯ ಅನಿಶ್ಚಿತತೆಯ ಬಗ್ಗೆ 1967ರಲ್ಲಿ ಅಮೆರಿಕದ ವಿಲಿಯಂ ಬ್ರೈನಾರ್ಡ್ ಒಂದು ಪ್ರಸಿದ್ಧ ಲೇಖನ ಬರೆದರು. ಅದರ ತಾತ್ಪರ್ಯವನ್ನು ನಮ್ಮ ಹಕೀಮರ ಭಾಷೆಯಲ್ಲಿ ಹೇಳಬಹುದು. ಔಷಧ ರೋಗಿಯ ಮೇಲೆ ಎಷ್ಟು ಕೆಲಸ ಮಾಡುತ್ತದೆಂದು ಗೊತ್ತಿಲ್ಲದಿದ್ದರೆ ಪೂರ್ತಿ ಡೋಸು ಕೊಡಬೇಡ. ಸ್ವಲ್ಪ ಕೊಟ್ಟು ನಾಡಿ ನೋಡು. ಒಕ್ಕೂಟದಲ್ಲಿ ಇದು ಇನ್ನಷ್ಟು ಕಠಿಣ. ಇಲ್ಲಿ ಹಕೀಮರು ಒಬ್ಬ ರೋಗಿಗಲ್ಲ, ಒಂದು ಓಣಿಯ ಎಲ್ಲರಿಗೂ ಒಂದೇ ಕಷಾಯ ಕುದಿಸಬೇಕು. ಒಬ್ಬರಿಗೆ ಜ್ವರ, ಒಬ್ಬರಿಗೆ ನಿಶ್ಶಕ್ತಿ. ಓಣಿಯ ಸರಾಸರಿ ಉಷ್ಣಾಂಶ ನೋಡಿ ಕಷಾಯ ಮಾಡಿದರೆ ಯಾರಿಗೂ ಸರಿಹೋಗದಿರಬಹುದು.

ಯೂರೋಪಿನಲ್ಲಿ ಆದದ್ದು ಇದೇ. 2022ರ ಆಗಸ್ಟ್‌ನಲ್ಲಿ ಯೂರೋ ವಲಯದ ಹಣದುಬ್ಬರ ಶೇಕಡಾ 9.1. ಅದೇ ತಿಂಗಳು ಎಸ್ಟೋನಿಯಾದಲ್ಲಿ 25.2, ಫ್ರಾನ್ಸಿನಲ್ಲಿ 6.6. ಇಬ್ಬರಿಗೂ ಫ್ರಾಂಕ್‌ಫರ್ಟ್‌ನಲ್ಲಿರುವ ಯೂರೋಪಿಯನ್ ಸೆಂಟ್ರಲ್ ಬ್ಯಾಂಕಿನ ಒಂದೇ ದರ. ಅದಕ್ಕೂ ಮೊದಲು, 2011ರ ಏಪ್ರಿಲ್ ಮತ್ತು ಜುಲೈನಲ್ಲಿ ಆ ಬ್ಯಾಂಕ್ ಎರಡು ಸಲ ಬಡ್ಡಿ ಏರಿಸಿತ್ತು. ಗ್ರೀಸ್, ಪೋರ್ಚುಗಲ್, ಐರ್ಲೆಂಡ್‌ಗಳು ಆಗ ಸಾಲದ ಬಿಕ್ಕಟ್ಟಿನಲ್ಲಿ ಮುಳುಗಿದ್ದವು. ಅದೇ ವರ್ಷ ನವೆಂಬರ್, ಡಿಸೆಂಬರ್‌ಗಳಲ್ಲಿ ಎರಡೂ ಏರಿಕೆಗಳನ್ನು ವಾಪಸು ಪಡೆಯಬೇಕಾಯಿತು.

ಹಾಗಾದರೆ ಸರಾಸರಿ ಬೇಡವೇ? ಬೇಕು, ಆದರೆ ಯಾವ ಸರಾಸರಿ ಎಂಬುದು ಪ್ರಶ್ನೆ. 2004ರಲ್ಲಿ ಇಟಲಿಯ ಪಿಯೆರ್‌ಪಾವ್ಲೊ ಬೆನಿಗ್ನೊ ಇದಕ್ಕೆ ಒಂದು ಉತ್ತರ ಕೊಟ್ಟರು. ಬೆಲೆಗಳು ನಿಧಾನವಾಗಿ ಬದಲಾಗುವ ಪ್ರದೇಶಕ್ಕೆ ಸರಾಸರಿಯಲ್ಲಿ ಹೆಚ್ಚು ತೂಕ ಕೊಡಬೇಕು, ಏಕೆಂದರೆ ಅಲ್ಲಿ ತಪ್ಪಿದ ಬೆಲೆ ಬಹುಕಾಲ ತಪ್ಪಾಗಿಯೇ ಉಳಿದು ಹಾನಿ ಮಾಡುತ್ತದೆ. ಹಾಲಿ ಸಿಕ್ಕಾದ ಸಣ್ಣ ಬೆಲೆಗಳನ್ನು ನೆನಪಿಸಿಕೊಳ್ಳಿ ಎಂದದ್ದು ಇದಕ್ಕೇ. ಬೇಗ ಬದಲಾಗುವ ಬೆಲೆ ತಾನೇ ಸರಿಹೋಗುತ್ತದೆ ಎಂಬುದು ಈ ವಾದದ ಇನ್ನೊಂದು ಮುಖ. ಇದನ್ನು ಭಾರತಕ್ಕೆ ಅನ್ವಯಿಸಿದರೆ, ದಿನದಿನಕ್ಕೆ ಏರಿಳಿಯುವ ತೊಗರಿ, ಈರುಳ್ಳಿ, ಟೊಮೆಟೊಗಳನ್ನು ಪಕ್ಕಕ್ಕಿಟ್ಟು, ಬಾಡಿಗೆ, ಫೀಸು, ಬಸ್ ದರಗಳನ್ನು ನೋಡಿ ಬಡ್ಡಿ ನಿರ್ಧರಿಸಿ ಎಂದಾಗುತ್ತದೆ. 2024ರ ಜುಲೈನಲ್ಲಿ ಕೇಂದ್ರದ ಆರ್ಥಿಕ ಸಮೀಕ್ಷೆ ಹೆಚ್ಚುಕಡಿಮೆ ಇದನ್ನೇ ಹೇಳಿತು: ಆಹಾರದ ಬೆಲೆಯನ್ನು ಬಿಟ್ಟು ಗುರಿ ಇಡುವುದನ್ನು ಯೋಚಿಸಬೇಕು. ಆಹಾರದ ಬೆಲೆಯನ್ನು ಕಡೆಗಣಿಸಲಾಗದು ಎಂದು ಮರುತಿಂಗಳೇ ರಿಸರ್ವ್ ಬ್ಯಾಂಕ್ ಹೇಳಿತು.

ನಾನು ಇಲ್ಲಿ ರಿಸರ್ವ್ ಬ್ಯಾಂಕಿನ ಕಡೆಗೆ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡಿದ್ದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇಕಡಾ 45.86 ಇತ್ತು. ಬಡವರ ಮನೆಯಲ್ಲಿ ಅದು ಇನ್ನೂ ಹೆಚ್ಚು. ನಾಳೆ ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಮನೆಯ ಹೆಣ್ಣುಮಗಳು ಅಂದಾಜು ಮಾಡುವುದು ಬೇಳೆ, ಎಣ್ಣೆ, ಸಿಲಿಂಡರ್ ನೋಡಿಯೇ ಹೊರತು ಸೂಚ್ಯಂಕದ ಪುಟ ತಿರುವಿ ಅಲ್ಲ. ಅವಳ ಅಂದಾಜು ಕೆಟ್ಟರೆ ಕೂಲಿಯ ಬೇಡಿಕೆ ಏರುತ್ತದೆ, ಅಂಗಡಿಯವನು ಮುಂಚೆಯೇ ಬೆಲೆ ಏರಿಸುತ್ತಾನೆ, ಒಂದು ಹಂಗಾಮಿನ ಮಾತು ಎಲ್ಲ ಹಂಗಾಮಿನ ಮಾತಾಗುತ್ತದೆ. ಬ್ರೈನಾರ್ಡ್ ಹೇಳಿದ ಎಚ್ಚರಿಕೆಗೆ ಮಿತಿ ಇರುವುದೂ ಇಲ್ಲಿಯೇ. ಜನರ ನಂಬಿಕೆ ಜಾರುತ್ತಿರುವಾಗ ಸಣ್ಣ ಡೋಸು ಸಾಲದು. ಕೊರೋನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಶೇಕಡಾ 4ಕ್ಕೆ ಇಳಿಸಿದ ರೆಪೊ ದರವನ್ನು ರಿಸರ್ವ್ ಬ್ಯಾಂಕ್ ಎರಡು ವರ್ಷ ಹಾಗೆಯೇ ಇಟ್ಟಿತು. 2022ರ ಏಪ್ರಿಲ್‌ನಲ್ಲಿ ಹಣದುಬ್ಬರ 7.79ಕ್ಕೆ ಏರಿತು. ಮೇ 4ರಂದು ನಿಗದಿಯಾಗಿರದ ಸಭೆಯ ನಂತರ ದಿಢೀರನೆ ದರ ಏರಿಸಿ, 2023ರ ಫೆಬ್ರುವರಿಯ ಹೊತ್ತಿಗೆ 6.5ಕ್ಕೆ ತಂದರು. ಅಷ್ಟರಲ್ಲಿ ಸತತ ಮೂರು ತ್ರೈಮಾಸಿಕ 6ರ ಗೆರೆ ದಾಟಿ, ಕಾನೂನಿನಂತೆ ಸರಕಾರಕ್ಕೆ ಕಾರಣ ಬರೆದು ಕೊಡಬೇಕಾಯಿತು. ಮಾರನೆಯ ವರ್ಷ ಕೂತು ಹಿಂದಿನ ವರ್ಷದ ತೀರ್ಮಾನವನ್ನು ದೂರುವುದು ಸುಲಭ. ಆದರೂ ಆ ಸಲ ಎಚ್ಚರಿಕೆ ತುಸು ಹೆಚ್ಚೇ ಆಯಿತು ಎನ್ನದೆ ವಿಧಿಯಿಲ್ಲ.

ಈಗ ನಮ್ಮ ಸಮಾಜಕ್ಕೆ ಹತ್ತಿರದ ಒಂದು ಮಾತು. ಬಡ್ಡಿಯನ್ನು ಧರ್ಮದ ಕಾರಣಕ್ಕೆ ದೂರವಿಟ್ಟ ಮನೆಗಳು ನಮ್ಮಲ್ಲಿ ಬಹಳ. ಬ್ಯಾಂಕ್ ಸಾಲ ಬೇಕೆಂದರೂ ಸಿಗದ ಮನೆಗಳೂ ಬಹಳ. ಎರಡನ್ನೂ ಒಂದೇ ಎಂದು ಭಾವಿಸಬಾರದು. ಹೈದರಾಬಾದ್ ಸಂಸ್ಥಾನದಲ್ಲಿ ಬಡ್ಡಿರಹಿತ ಸಾಲದ ಸಹಕಾರ ಸಂಘಗಳು ಕೆಲಸ ಮಾಡಿದ್ದನ್ನು ಡಾ. ಮುಹಮ್ಮದ್ ಹಮೀದುಲ್ಲಾ ದಾಖಲಿಸಿದ್ದಾರೆ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಅನ್ವರ್ ಇಕ್ಬಾಲ್ ಖುರೇಷಿ 1940ರ ದಶಕದಲ್ಲೇ ಇಸ್ಲಾಂ ಮತ್ತು ಬಡ್ಡಿಯ ಸಿದ್ಧಾಂತದ ಕುರಿತು ಪುಸ್ತಕ ಬರೆದರು. ಅಂದರೆ ಈ ಚಿಂತನೆ ನಮ್ಮ ನೆಲಕ್ಕೆ ಪರಕೀಯವಲ್ಲ.

ಆದರೆ ಬ್ಯಾಂಕಿನ ಬಡ್ಡಿ ಮುಟ್ಟದವನು ಹಣಕಾಸು ನೀತಿಯ ಹೊರಗಿದ್ದಾನೆ ಎಂದು ತಿಳಿದರೆ ಅದು ಭ್ರಮೆ. ಅವನಿಗೆ ರೆಪೊ ದರ ಸಾಲದ ಕಂತಿನ ಮೂಲಕ ತಲುಪುವುದಿಲ್ಲ. ಸಿಮೆಂಟ್ ಕಾರ್ಖಾನೆಯ ಪಾಳಿಯ ಮೂಲಕ, ಮಗ ಕೆಲಸ ಮಾಡುವ ಹೈದರಾಬಾದಿನ ಕಟ್ಟಡದ ಮೂಲಕ ತಲುಪುತ್ತದೆ. ಹಣದುಬ್ಬರವಂತೂ ಅವನಿಗೇ ಹೆಚ್ಚು. ಮಗಳ ಮದುವೆಗೆಂದು, ಹಜ್‌ಗೆಂದು ಟ್ರಂಕಿನಲ್ಲಿಟ್ಟ ನೂರು ರೂಪಾಯಿ, ವರ್ಷಕ್ಕೆ ಶೇಕಡಾ 4ರ ಹಣದುಬ್ಬರದಲ್ಲಿ ಹತ್ತು ವರ್ಷದ ನಂತರ ಕೊಳ್ಳುವುದು ಇಂದಿನ 68 ರೂಪಾಯಿಯಷ್ಟನ್ನು. ಹಣದುಬ್ಬರ 6 ಆದರೆ ಬರೀ 56. ಠೇವಣಿ ಇಟ್ಟವನಿಗೆ ಬಡ್ಡಿ ಬಂದು ಅಷ್ಟಿಷ್ಟು ಸರಿತೂಗುತ್ತದೆ, ಟ್ರಂಕಿನವನಿಗೆ ಏನೂ ಇಲ್ಲ. ಆದ್ದರಿಂದ 4 ಮತ್ತು 6ರ ನಡುವಿನ ಆ ಎರಡು ಅಂಕಿಯ ಚರ್ಚೆ ನಮ್ಮ ಅಮ್ಮಿಜಾನ್‌ರ ಟ್ರಂಕಿನ ಚರ್ಚೆಯೂ ಹೌದು. ಭೂಮಿ, ಚಿನ್ನ, ಪಾಲುದಾರಿಕೆಯ ವ್ಯಾಪಾರದಂತಹ ದಾರಿಗಳನ್ನು ಉಲಮಾಗಳೂ ಲೆಕ್ಕ ಬಲ್ಲವರೂ ಒಟ್ಟಿಗೆ ಕೂತು ಜನರಿಗೆ ತಿಳಿಸಿ ಹೇಳಬೇಕು.

ಒಕ್ಕೂಟದ ಒಂದು ದರದಿಂದ ಆಗದ ಕೆಲಸವನ್ನು ಬಜೆಟ್ ಮಾಡಬೇಕು. ನಾಣ್ಯ ಒಂದಾದಾಗ ನಾವು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಸಿಗಬೇಕಾದದ್ದು ಅದು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ತನ್ನ ವರದಿ ಕೊಟ್ಟಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಸಂವಿಧಾನದ 371 (ಜೆ) ವಿಧಿ ಬಂದದ್ದು 2012ರ ತಿದ್ದುಪಡಿಯಿಂದ. 1959ರಿಂದ ಲೆಕ್ಕ ಹಾಕಿದರೆ ಐವತ್ತು ವರ್ಷಕ್ಕೂ ಹೆಚ್ಚು ತಡ. ಇದನ್ನು ಯಾರ ಮೇಲಿನ ಸಿಟ್ಟಿನಿಂದಲೂ ಹೇಳುತ್ತಿಲ್ಲ, ಲೆಕ್ಕ ಲೆಕ್ಕವೇ.

ಸಮಿತಿಯಲ್ಲಿ ರಾಜ್ಯಕ್ಕೊಬ್ಬ ಸದಸ್ಯ ಇರಲಿ ಎಂದು ಕೆಲವರು ಕೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪ್ರತಿಯೊಬ್ಬ ಸದಸ್ಯನೂ ತನ್ನ ಊರಿಗೆ ತಕ್ಕ ದರ ಕೇಳಿದರೆ ದರ ನಿಲ್ಲುವುದಿಲ್ಲ, ಎಳೆದಾಟ ಉಳಿಯುತ್ತದೆ. ಮತ ಬೇಡ, ಆದರೆ ಮಾಹಿತಿ ಬೇಕು. ಅಮೆರಿಕದಲ್ಲಿ ಹನ್ನೆರಡು ಪ್ರಾದೇಶಿಕ ರಿಸರ್ವ್ ಬ್ಯಾಂಕುಗಳಿದ್ದು, ತಮ್ಮ ತಮ್ಮ ಸೀಮೆಯ ವ್ಯಾಪಾರಿ, ರೈತರನ್ನು ವಿಚಾರಿಸಿ ವರದಿ ಕೊಡುತ್ತವೆ. ನಮ್ಮಲ್ಲಿ ನಡೆದಿರುವುದು ಇದಕ್ಕೆ ವಿರುದ್ಧ. ಹಾಲಿ ಸಿಕ್ಕಾ ನೋಡಿಕೊಂಡಿದ್ದ ಬ್ಯಾಂಕೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಬಳ್ಳಾರಿಯ ಕಡೆಗೆ ಹೋಯಿತು. 2025ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು. ವಿಲೀನದಿಂದ ಬ್ಯಾಂಕು ಗಟ್ಟಿಯಾಗಬಹುದು. ಆದರೆ ಈ ಸೀಮೆಯ ಮಣ್ಣು, ಮಳೆ, ಮನುಷ್ಯರನ್ನು ಬಲ್ಲವರು ತೀರ್ಮಾನದ ಮೇಜಿನಿಂದ ಒಂದೊಂದು ಹೆಜ್ಜೆ ದೂರವಾದರು.

2012ರ ಸರಣಿಯ ಬೆಲೆ ಸೂಚ್ಯಂಕಕ್ಕೆ ದೇಶದಲ್ಲಿ 310 ಪಟ್ಟಣಗಳ 1,114 ಮಾರುಕಟ್ಟೆಗಳಿಂದ ಮತ್ತು 1,181 ಹಳ್ಳಿಗಳಿಂದ ಬೆಲೆ ಸಂಗ್ರಹಿಸುತ್ತಿದ್ದರು. ಆರು ಲಕ್ಷ ಹಳ್ಳಿಗಳ ದೇಶದಲ್ಲಿ ಹೆಚ್ಚಿನ ಊರುಗಳ ಬೆಲೆಯನ್ನು ಯಾರೂ ಬರೆದುಕೊಳ್ಳುವುದಿಲ್ಲ ಎಂದಾಯಿತು. ಈ ಕೆಲಸ ನಮ್ಮ ವಿದ್ಯಾರ್ಥಿಗಳಿಂದ ಆಗಬಹುದು. ಪಿಯುಸಿ, ಡಿಗ್ರಿಯ ವಾಣಿಜ್ಯ ಮತ್ತು ಅರ್ಥಶಾಸ್ತ್ರದ ಮಕ್ಕಳು ಮುಧೋಳ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ಊರಿಗಿಬ್ಬರಂತೆ ಸೇರಿ, ವಾರಕ್ಕೊಮ್ಮೆ ಸಂತೆಯ ದಿನ ಇಪ್ಪತ್ತು ವಸ್ತುಗಳ ಬೆಲೆ ಬರೆಯಲಿ. ಜೋಳ, ತೊಗರಿ ಬೇಳೆ, ಹೆಸರು, ಎಣ್ಣೆ, ಹಾಲು, ಮಾಂಸ, ಸಿಮೆಂಟ್ ಚೀಲ, ಮನೆ ಬಾಡಿಗೆ, ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ. ಪಕ್ಕದಲ್ಲಿ ಇನ್ನೊಂದು ಅಂಕಣ ಇರಲಿ: ಈ ವಾರ ಊರಲ್ಲಿ ಸಾಲ ಪಡೆದವರು ಎಲ್ಲಿಂದ ಪಡೆದರು, ಬ್ಯಾಂಕಿನಿಂದಲೋ, ಸಂಘದಿಂದಲೋ, ಸಾವುಕಾರರಿಂದಲೋ, ನೆಂಟರಿಂದಲೋ. ಹೆಸರು ಬರೆಯಬೇಡಿ, ಲೆಕ್ಕ ಮಾತ್ರ ಬರೆಯಿರಿ. ಒಂದು ವರ್ಷದ ನಂತರ ಆ ಪುಸ್ತಕವನ್ನು ರೆಪೊ ದರ ಬದಲಾದ ತಾರೀಖುಗಳ ಪಕ್ಕದಲ್ಲಿಟ್ಟು ನೋಡಿ. ದರ ಬದಲಾದ ಎಷ್ಟು ವಾರಕ್ಕೆ ವಾಡಿಯಲ್ಲಿ ಏನಾಯಿತು, ಮುಧೋಳದಲ್ಲಿ ಏನಾಯಿತು ಅಥವಾ ಆಗಲಿಲ್ಲ ಎಂಬುದನ್ನು ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಮಾಡೋಣ. ನೋಟ್‌ಬುಕ್ಕಿನ ಖರ್ಚನ್ನು ಸಂಸ್ಥೆ ಕೊಡುತ್ತದೆ ಎಂದು ಅಧ್ಯಕ್ಷರು ಈಗಾಗಲೇ ತಲೆದೂಗಿದ್ದಾರೆ.